ಅರಿಶಿನ ಕುಂಕುಮದ ಬಾಬ್ತು

ಫೆಬ್ರವರಿ ಕೊನೆ ವಾರ ಬಂತು ಅಂದರೆ ನಮ್ಮ ಆಫೀಸಿನ ಎಚ್‌ಆರ್ ಹುಡುಗಿ ನನ್ನ ಸೀಟಿನ ಹತ್ತಿರ ಬಂದು ನಿಲ್ಲುತ್ತಾಳೆ. "ಮೇಡಂ, ಮಾರ್ಚ್ ಎಂಟಕ್ಕೆ ಈ ಸಲವೂ ನೀವೇ ಎರಡು ಮಾತು ಆಡ್ಬೇಕು." ಅವಳಿಗೆ ನಾನು ಒಳ್ಳೆ ಕಥೆ. ತುಮಕೂರು ಜಿಲ್ಲೆಯ ಹಳ್ಳಿ, ಸರ್ಕಾರಿ ಶಾಲೆ, ಹಾಸ್ಟೆಲ್ಲು, ಆಮೇಲೆ ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ದಾಟಿದ ನೌಕರಿ. ಅವತ್ತು ಎಲ್ಲರೂ ನೇರಳೆ ಬಣ್ಣದ ಸೀರೆ ಉಟ್ಟು ಬರುತ್ತಾರೆ, ಕೇಕ್ ಕತ್ತರಿಸುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಗುಲಾಬಿ. ಇದನ್ನೆಲ್ಲ ಆಡಿಕೊಳ್ಳುವವರು ತುಂಬ ಜನ ಇದ್ದಾರೆ. ನಾನು ಆಡಿಕೊಳ್ಳಲ್ಲ. ವರ್ಷಕ್ಕೊಂದು ದಿನ ಕೆಲಸ ಬಿಟ್ಟು ನಲವತ್ತು ಹೆಂಗಸರು ಒಟ್ಟಿಗೆ ಕೂತು ನಗುವುದು ಕೆಟ್ಟದ್ದೇನಲ್ಲ.

ನನ್ನ ತೊಂದರೆ ಬೇರೆ. 2019ರ ಮಾರ್ಚ್‌ನಲ್ಲಿ ಆ ಮೈಕ್ ಹಿಡಿದು "ನಿಮ್ಮ ಹಕ್ಕು ನೀವು ಕೇಳಿ ಪಡ್ಕೊಳ್ಳಿ" ಅಂತ ಹೇಳಿದೆ. ಚಪ್ಪಾಳೆ ಬಿತ್ತು. ಅದಕ್ಕೆ ಆರು ವಾರ ಮುಂಚೆ ಅಪ್ಪನ ಜಮೀನಿನಲ್ಲಿದ್ದ ನನ್ನ ಹಕ್ಕನ್ನು ನಾನೇ ಅಣ್ಣನಿಗೆ ಬರೆದುಕೊಟ್ಟು ಬಂದಿದ್ದೆ. ಸಾಕ್ಷಿಗಳ ಸಮೇತ, ಫೋಟೋ ಸಮೇತ, ಎಡಗೈ ಹೆಬ್ಬೆಟ್ಟಿನ ಗುರುತಿನ ಸಮೇತ. ಅದಾದ ಮೇಲೆ ಪ್ರತಿ ಮಾರ್ಚ್‌ನಲ್ಲೂ ಭಾಷಣ ಮಾಡಿದ್ದೇನೆ. ಆ ವಾಕ್ಯ ಮಾತ್ರ ಮತ್ತೆ ಬಾಯಿಗೆ ಬಂದಿಲ್ಲ.

ಆ ದಿನ

ಅಪ್ಪ ಹೋಗಿದ್ದು 2018ರ ಶ್ರಾವಣದಲ್ಲಿ. ಪೌತಿ ಖಾತೆ ಆಗಿ, ಅಂದರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಬದಲಾಗಿ, ಪಹಣಿಯಲ್ಲಿ ನಾಲ್ಕು ಹೆಸರು ಬಂತು: ಅಮ್ಮ, ಅಕ್ಕ, ಅಣ್ಣ, ನಾನು. ಜೀವನದಲ್ಲಿ ಮೊದಲ ಸಲ ನನ್ನ ಹೆಸರು ಪಹಣಿಯ ಒಂಬತ್ತನೇ ಕಾಲಂನಲ್ಲಿ, ಮಾಲೀಕರ ಹೆಸರು ಬರೆಯುವ ಕಡೆ, ಕಂಡಿದ್ದು ಆವಾಗಲೇ. ಅಣ್ಣ ವಾಟ್ಸಾಪಿನಲ್ಲಿ ಅದರ ಫೋಟೋ ಕಳಿಸಿದ್ದ. ಹಿಂದೆಯೇ ಒಂದು ಮೆಸೇಜು: "ಸಂಕ್ರಾಂತಿ ಆದ್ಮೇಲೆ ಒಂದಿನ ರಜೆ ಹಾಕ್ಕೊಂಡು ಬಾ. ರಿಲೀಸ್ ಮಾಡಿಸ್ಬಿಡೋಣ." ಕೇಳಿದ ಹಾಗೂ ಇರಲಿಲ್ಲ, ಬಲವಂತ ಮಾಡಿದ ಹಾಗೂ ಇರಲಿಲ್ಲ. ಗ್ಯಾಸ್ ಬುಕ್ ಮಾಡೋಣ ಅನ್ನುವ ಧಾಟಿ. ನಾನೂ "ಹೂಂ" ಅಂತ ಹಾಕಿದೆ. ಅಷ್ಟೇ, ಅಷ್ಟರಲ್ಲೇ ಮುಗಿಯಿತು. ನಮ್ಮ ಮನೆಯಲ್ಲಿ ಯಾರೂ ದನಿ ಎತ್ತಲಿಲ್ಲ, ಯಾರೂ ಅಳಲಿಲ್ಲ. ಸಿನಿಮಾದವರಿಗೆ ಏನೂ ಸಿಗದ ದೃಶ್ಯ ಅದು.

ಪತ್ರ ಬರೆಯುವವರ ಅಂಗಡಿ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿಗೇ ಇತ್ತು. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆ ಮೇಲೆ ವೆಂಕಟರಮಣನ ಕ್ಯಾಲೆಂಡರು. ಹೆಣ್ಣುಮಕ್ಕಳ ಹಕ್ಕು ಖುಲಾಸೆ ಪತ್ರ, ಅದೇ ಅಣ್ಣ ಹೇಳಿದ ರಿಲೀಸು, ಅವರ ಕಂಪ್ಯೂಟರಿನಲ್ಲಿ ಸಿದ್ಧವಾಗೇ ಇರುತ್ತದೆ. ಹೆಸರು, ಸರ್ವೆ ನಂಬರು, ಚಕ್ಕುಬಂದಿ ಬದಲಾಯಿಸಿದರೆ ಆಯಿತು. "ಇವತ್ತು ಬೆಳಗ್ಗೆಯಿಂದ ನಿಮ್ದು ನಾಲ್ಕನೇದು" ಅಂದರು. ಪ್ರಿಂಟ್ ತೆಗೆದು ಓದಿದಾಗ ಅಕ್ಕನ ಗಂಡನ ಹೆಸರಿರಬೇಕಾದ ಕಡೆ ಇನ್ಯಾರದೋ ಹೆಸರು ಉಳಿದಿತ್ತು. ನಮಗಿಂತ ಮುಂಚೆ ಬಂದ ಯಾವಳೋ ಒಬ್ಬಳ ಗಂಡ. ಅಕ್ಕ ನಗು ತಡೆಯಲಾರದೆ "ಬಿಡಿ, ಇವರೇ ಆಗಬಹುದು" ಅಂದಳು. ಎಲ್ಲರೂ ನಕ್ಕೆವು. ಅವರು ತಿದ್ದಿ ಮತ್ತೆ ಪ್ರಿಂಟ್ ತೆಗೆದರು.

ಆ ಪತ್ರದ ಭಾಷೆಯನ್ನು ನೀವು ಓದಿರಬಹುದು. "ನಮ್ಮ ತಂದೆಯವರು ನಮ್ಮ ವಿವಾಹಗಳನ್ನು ವಿಜೃಂಭಣೆಯಿಂದ ನೆರವೇರಿಸಿ, ವಡವೆ ವಸ್ತ್ರಗಳನ್ನು ಕೊಟ್ಟಿರುವುದರಿಂದಲೂ, ಈ ದಿವಸ ಅರಿಶಿನ ಕುಂಕುಮದ ಬಾಬ್ತು ನಗದಾಗಿ ಪಡೆದಿರುವುದರಿಂದಲೂ, ಯಾರ ಒತ್ತಾಯ, ಪ್ರೇರೇಪಣೆ ಇಲ್ಲದೆ ಸ್ವಸಂತೋಷದಿಂದ..." ಸ್ವಸಂತೋಷ ಅನ್ನುವ ಮಾತು ಎರಡು ಪುಟದಲ್ಲಿ ಮೂರು ಸಲ ಬರುತ್ತದೆ. ಯಾವ ಕ್ರಯಪತ್ರದಲ್ಲೂ ಮಾರುವವನ ಸಂತೋಷದ ಬಗ್ಗೆ ಇಷ್ಟು ಕಾಳಜಿ ಇರಲಿಕ್ಕಿಲ್ಲ. ನಮ್ಮ ಅರಿಶಿನ ಕುಂಕುಮಕ್ಕೆ ತಲಾ 25,000 ರೂಪಾಯಿ ಅಂತ ಬರೆದಿತ್ತು. ತೋಟ ಎರಡು ಎಕರೆ, ರಾಗಿ ಹೊಲ ಒಂದು ಎಕರೆ ಇಪ್ಪತ್ತು ಗುಂಟೆ. ಲೆಕ್ಕ ನೀವೇ ಹಾಕಿಕೊಳ್ಳಿ, ನಾನು ಇವತ್ತಿಗೂ ಹಾಕಿಲ್ಲ.

ಒಳಗೆ ಹೋದಾಗ ಬೆರಳಚ್ಚಿನ ಯಂತ್ರ ನನ್ನದನ್ನು ಒಂದೇ ಸಲಕ್ಕೆ ತೆಗೆದುಕೊಂಡಿತು. ಅಕ್ಕನದು ಎರಡನೇ ಸಲಕ್ಕೆ. ಅಮ್ಮನದು ತೆಗೆದುಕೊಳ್ಳಲೇ ಇಲ್ಲ. ಅಮ್ಮನೂ ಬರೆದುಕೊಡುವವರಲ್ಲಿ ಒಬ್ಬಳು. ಐವತ್ತು ವರ್ಷ ಕಳೆ ಕಿತ್ತು, ಗರಿ ಹೆಣೆದು, ಪಾತ್ರೆಗೆ ಬೂದಿ ಹಾಕಿ ಉಜ್ಜಿದ ಬೆರಳು. ಗೆರೆಗಳೆಲ್ಲ ಸವೆದುಹೋಗಿದ್ದವು. "ಸೆರಗಲ್ಲಿ ಒರೆಸ್ಕೊಂಡು ಇಡಿ ಅಜ್ಜಿ... ಇನ್ನೊಂಚೂರು ಒತ್ತಿ... ತೆಗೀರಿ, ಮತ್ತೆ ಇಡಿ." ಏಳೆಂಟು ಸಲ ಆಯಿತು. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಅಮ್ಮ ನನ್ನ ಕಡೆ ತಿರುಗಿ, ತಾನೇ ಏನೋ ತಪ್ಪು ಮಾಡಿದವಳ ಹಾಗೆ, "ಬರ್ತಾನೇ ಇಲ್ವಲ್ಲೇ" ಅಂದಳು. ಕೊನೆಗೆ ಬೇರೆ ಬೆರಳು ಇಡಿಸಿದರು.

ಅಧಿಕಾರಿ ತಲೆ ಎತ್ತಿ "ನಿಮ್ಮಿಷ್ಟದಿಂದಾನೇ ಸಹಿ ಹಾಕ್ತಿದೀರಾ?" ಅಂತ ಮೂವರನ್ನೂ ಕೇಳಿದರು. ಮೂವರೂ ಹೂಂ ಅಂದೆವು. ಹೊರಗೆ ಬಂದ ಮೇಲೆ ಅಣ್ಣ ಎಲ್ಲರಿಗೂ ಮಸಾಲೆದೋಸೆ ಕೊಡಿಸಿದ. ರೇಷ್ಮೆ ಸೀರೆ ಕೊಟ್ಟ. ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದಾಗ ತಲೆ ಮೇಲೆ ಕೈ ಇಟ್ಟ, ಅವನ ಕಣ್ಣಲ್ಲಿ ನೀರಿತ್ತು. ನಮ್ಮಣ್ಣ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು.

ಕಾನೂನು ನಮ್ಮ ಮನೆಗೆ ಬಂದಿದ್ದು

ಕಾನೂನು ನಿದ್ದೆ ಮಾಡುತ್ತಿತ್ತು ಅಂತ ಹೇಳುವ ಹಾಗಿಲ್ಲ. ನಮ್ಮ ಹಳೇ ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿಗೆ ಒಂದು ಕಾಯ್ದೆ ಆಗಿತ್ತು. ವಿಧವೆಗೆ, ತಾಯಿಗೆ, ಮದುವೆಯಾಗದ ಮಗಳಿಗೆ ಆಸ್ತಿ ಭಾಗವಾಗುವಾಗ ಏನೋ ಒಂದಷ್ಟು ಕೊಡಬೇಕು ಅಂತ ಅದು ಹೇಳುತ್ತಿತ್ತು. ಬ್ರಿಟಿಷ್ ಇಂಡಿಯಾಕ್ಕಿಂತ ಮುಂದಿತ್ತು ಅಂತ ನಾವು ಹೆಮ್ಮೆ ಪಡಬಹುದು. ನಮ್ಮಜ್ಜಿಗೆ ಇದರ ಗಾಳಿ ಕೂಡ ಸೋಕಿರಲಿಲ್ಲ ಅನ್ನುವುದೂ ಅಷ್ಟೇ ನಿಜ. 1956ರ ಉತ್ತರಾಧಿಕಾರ ಕಾಯ್ದೆ ಅಪ್ಪನ ಸ್ವಂತ ಪಾಲಿನಲ್ಲಿ ಮಗಳಿಗೂ ಭಾಗ ಕೊಟ್ಟಿತು. ಆದರೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಗಂಡುಮಕ್ಕಳಿಗೇ ಉಳಿಯಿತು.

ಆಮೇಲೆ ಬಂದಿದ್ದು 1994. ಇಡೀ ದೇಶಕ್ಕೆ ಆಗುವುದಕ್ಕೆ ಹನ್ನೊಂದು ವರ್ಷ ಮೊದಲೇ ಕರ್ನಾಟಕ ತಿದ್ದುಪಡಿ ಮಾಡಿ, ಮಗಳೂ ಮಗನ ಹಾಗೆ ಹುಟ್ಟಿನಿಂದಲೇ ಹಕ್ಕುದಾರಳು ಅಂದಿತು. ಆಂಧ್ರ, ತಮಿಳುನಾಡು ಇನ್ನೂ ಮುಂಚೆ ಮಾಡಿದ್ದವು. ಆದರೆ ಒಂದು ಷರತ್ತು. 1994ರ ಜುಲೈ 30ಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳಿಗೆ ಇದು ಇಲ್ಲ. ನಮ್ಮಕ್ಕನ ಮದುವೆ ಆ ವರ್ಷ ಮೇ ತಿಂಗಳಲ್ಲಿ ಆಯಿತು. ಎರಡೂವರೆ ತಿಂಗಳ ಅಂತರ! ಒಂದೇ ಅಪ್ಪ, ಒಂದೇ ಅಮ್ಮ. ಕಾನೂನಿನ ಕಣ್ಣಿಗೆ ನಾನು ಮನೆ ಮಗಳು, ಅವಳು ಅಲ್ಲ. ಅವಳು ಆವಾಗ ಹತ್ತೊಂಬತ್ತರ ಹುಡುಗಿ, ಬೆಂಗಳೂರಿನಲ್ಲಿ ಇಂಥದ್ದೊಂದು ಕಾಗದ ಓಡಾಡುತ್ತಿದೆ ಅಂತ ಅವಳಿಗೇನು ಗೊತ್ತು. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂದು ಮದುವೆ ದಿನಾಂಕದ ಈ ಲೆಕ್ಕ ತೆಗೆದುಹಾಕಿದ ಮೇಲೆ ಅಕ್ಕ ಮತ್ತೆ ಮಗಳಾದಳು.

ಅಲ್ಲಿಗೂ ಮುಗಿಯಲಿಲ್ಲ. ಬೆಳಗಾವಿಯ ಕೋರ್ಟಿನಲ್ಲಿ ಒಬ್ಬ ಹೆಣ್ಣುಮಗಳು 1992ರಲ್ಲಿ ಪಾಲಿಗಾಗಿ ದಾವೆ ಹಾಕಿದ್ದಳು. ಅದು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿದ್ದು 2015ರಲ್ಲಿ. ಇಪ್ಪತ್ತಮೂರು ವರ್ಷ ಕಾದು ಅವಳಿಗೆ ಸಿಕ್ಕ ಉತ್ತರ ಏನು ಗೊತ್ತಾ? ಹೊಸ ಕಾನೂನಿನ ಲಾಭ ಬೇಕಾದರೆ 2005ರಲ್ಲಿ ಅಪ್ಪ ಬದುಕಿರಬೇಕಿತ್ತು. ಅವಳ ಅಪ್ಪ 1988ರಲ್ಲೇ ತೀರಿಕೊಂಡಿದ್ದರು. ಮೊದಲು ಮಗಳ ಮದುವೆ ಯಾವಾಗ ಅಂತ ಕೇಳುತ್ತಿದ್ದರು, ಈಗ ಅಪ್ಪ ಸತ್ತಿದ್ದು ಯಾವಾಗ ಅಂತ. ಮಗನ ಹಕ್ಕಿಗೆ ಇಂಥ ಕ್ಯಾಲೆಂಡರನ್ನು ಯಾರೂ ನೋಡಿದ್ದಿಲ್ಲ. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೂ ಬಿಡಿಸಿ ಹಾಕಿತು. ಅಪ್ಪ ಇರಲಿ ಬಿಡಲಿ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು ಅಂದಿತು. ಕೋವಿಡ್ ಕಾಲ, ಎಲ್ಲರೂ ಮನೆಯಲ್ಲೇ. "ಮಗಳು ಯಾವತ್ತಿಗೂ ಮಗಳೇ" ಅಂತ ಕೋರ್ಟು ಹೇಳಿದ್ದನ್ನು ನಮ್ಮ ಫ್ಯಾಮಿಲಿ ಗ್ರೂಪಿಗೆ ಯಾರೋ ಹಾಕಿದರು. ಹೆಂಗಸರೆಲ್ಲ ಹೃದಯದ ಚಿತ್ರ ಒತ್ತಿದರು. ಅಣ್ಣನೂ ಹೆಬ್ಬೆಟ್ಟಿನ ಚಿತ್ರ ಒತ್ತಿದ. ಹೆಬ್ಬೆಟ್ಟು ನೋಡಿ ನನಗೆ ಒಂದು ಕ್ಷಣ ನಗು ಬಂತು.

ಹೀಗೆ ಕಾನೂನು ಎಡವಿ, ಎದ್ದು, ಕೊನೆಗೂ ನಮ್ಮ ಬಾಗಿಲಿಗೆ ಬಂತು. ನಾವು ಅದನ್ನು ಕೂರಿಸಿ, ಕಾಫಿ ಕೊಟ್ಟು, ಕುಂಕುಮ ಇಟ್ಟು ಕಳಿಸಿಬಿಟ್ಟೆವು. 2015-16ರ ಕೃಷಿ ಗಣತಿ ಪ್ರಕಾರ ದೇಶದಲ್ಲಿ ನೂರು ಹಿಡುವಳಿಗಳಲ್ಲಿ ಹೆಂಗಸರದ್ದು ಅಂತ ಲೆಕ್ಕಕ್ಕೆ ಸಿಗುವುದು ಸುಮಾರು 14. ಹೊಲದಲ್ಲಿ ಬಗ್ಗಿರುವ ಬೆನ್ನುಗಳನ್ನು ಎಣಿಸಿದರೆ ಲೆಕ್ಕ ಹಾಗೆ ಬರುವುದಿಲ್ಲ ಅಲ್ವಾ.

ಯಾಕೆ ಹಾಕಿದೆ

ನಾನು ಸಂಬಳ ತರುವ ಹೆಂಗಸು. ಓದಿದ್ದೇನೆ. ಗಂಡ "ನಿನ್ನಿಷ್ಟ" ಅಂದಿದ್ದರು. ಯಾರೂ ಹೆದರಿಸಿರಲಿಲ್ಲ. ಆದರೂ ಯಾಕೆ ಹಾಕಿದೆ? ಅಣ್ಣನಿಗೆ ಬೇರೆ ಆದಾಯ ಇಲ್ಲ, ನನಗಿದೆ ಅನ್ನುವುದು ಒಂದು ಉತ್ತರ, ಸುಳ್ಳೂ ಅಲ್ಲ. ಆದರೆ ಆ ಲೆಕ್ಕದಲ್ಲಿ ಅಕ್ಕನಿಗೂ ಬೇರೆ ಆದಾಯ ಇಲ್ಲ. ಅವಳೂ ಹಾಕಿದಳು.

ನಿಜವಾದ ಉತ್ತರ ನನ್ನ ಚಿಕ್ಕಪ್ಪನ ಮಗಳು. ಅವಳು ಹಾಕಲ್ಲ ಅಂದಳು. ನೋಟಿಸ್ ಕೊಟ್ಟಳು, ವಕೀಲರನ್ನು ಇಟ್ಟಳು. ಕೇಸು ಇನ್ನೂ ವಾಯಿದೆ ಮೇಲೆ ವಾಯಿದೆ ಹೋಗುತ್ತಾ ಇದೆ. ಚಿಕ್ಕಪ್ಪನ ಮೊಮ್ಮಗನ ಮದುವೆಗೆ ಅವಳೂ ಬಂದಿದ್ದಳು, ಕರೆಯೋಲೆ ಇಲ್ಲದೆ. ಊಟದ ಪಂಕ್ತಿಯಲ್ಲಿ ಅವಳ ಪಕ್ಕದ ಎಲೆ ಖಾಲಿಯೇ ಇತ್ತು. ಹೊರಡುವಾಗ ಬಾಗಿಲಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ತಾಂಬೂಲ ಕೊಡುತ್ತಿದ್ದರು. ಅವಳ ಸರದಿ ಬಂದಾಗ ಕೊಡುತ್ತಿದ್ದವಳು ತಟ್ಟೆ ಹಿಡಿದುಕೊಂಡೇ ಒಳಗೆ ಹೋದಳು, ಏನೋ ಮರೆತವಳ ಹಾಗೆ. ಅವಳು ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಚಪ್ಪಲಿ ಹುಡುಕಿ ಹಾಕಿಕೊಂಡು ಹೋದಳು. ನಾನು ಮೂರು ಮಾರು ದೂರದಲ್ಲಿದ್ದೆ. ನನ್ನ ಕೈಯಲ್ಲಿ ಎರಡು ತಾಂಬೂಲದ ಚೀಲ ಇತ್ತು, ಒಂದು ಮಗಳ ಪಾಲಿನದು. ಕೊಡಬಹುದಿತ್ತು.

ಊರಲ್ಲಿ ಅವಳನ್ನು ಈಗ "ಪಾಲು ಕೇಳಿದೋಳು" ಅಂತಲೇ ಗುರುತಿಸುತ್ತಾರೆ. ನಮ್ಮೂರಲ್ಲಿ ಅಣ್ಣತಮ್ಮಂದಿರು ಪಾಲಿಗಾಗಿ ಹೊಡೆದಾಡಿ ತಲೆ ಒಡೆದುಕೊಂಡ ಮನೆಗಳು ಕಡಿಮೆ ಇಲ್ಲ. ಬಾವಿಗೆ ಅಡ್ಡ ಗೋಡೆ ಕಟ್ಟಿದವರಿದ್ದಾರೆ. ಅವರಲ್ಲಿ ಯಾರನ್ನೂ "ಪಾಲು ಕೇಳಿದೋನು" ಅಂತ ಕರೆದಿದ್ದು ನಾನು ಕೇಳಿಲ್ಲ. ಗಂಡಸು ಕೇಳಿದರೆ ಅದು ವ್ಯವಹಾರ, ಹೆಂಗಸು ಕೇಳಿದರೆ ಆಸೆಬುರುಕತನ.

ನಾನು ಹೆದರಿದ್ದು ಅದಕ್ಕೆ. ಗೌರಿಹಬ್ಬಕ್ಕೆ ಅಣ್ಣ ಫೋನ್ ಮಾಡಿ "ಬರ್ತೀಯಾ ತಾನೇ?" ಅನ್ನುತ್ತಾನಲ್ಲ, ಅದು ನಿಂತುಹೋದರೆ? ಬಾಗಿನದ ಮೊರದಲ್ಲಿ ಬಳೆ, ಬಿಚ್ಚೋಲೆ, ಐನೂರರ ನೋಟು. ಅಷ್ಟಕ್ಕೆ ನನ್ನ ಪಾಲು ಕೊಟ್ಟೆ ಅಂದರೆ ಕೇಳುವವರಿಗೆ ಹುಚ್ಚು ಅನ್ನಿಸಬಹುದು. ಹೆಣ್ಣಿಗೆ ತವರು ಅನ್ನುವುದು ಹುಟ್ಟಿದ ಮನೆ ಅಂತ ನಾವು ಹಾಡಿ ಹೊಗಳಿದ್ದೇವೆ. ಬಾಡಿಗೆ ಕಟ್ಟಿ ಉಳಿಸಿಕೊಳ್ಳುವ ಮನೆ ಅಂತ ಯಾವ ಹಾಡೂ ಹೇಳಲಿಲ್ಲ. ನಾನು ಒಂದೇ ಸಲಕ್ಕೆ ಎಲ್ಲ ಬಾಡಿಗೆ ಕಟ್ಟಿಬಿಟ್ಟೆ.

ಅತ್ತಿಗೆಯ ಕಾಲಂ

ಇಷ್ಟು ಹೇಳಿ ನಿಲ್ಲಿಸಿದರೆ ಇದು ಅಣ್ಣತಂಗಿಯರ ಕಥೆ ಆಗುತ್ತದೆ. ಆದರೆ ನನ್ನನ್ನು ಈಚೆಗೆ ಜಾಸ್ತಿ ಕಾಡುವುದು ಅತ್ತಿಗೆ. ಅಪ್ಪ ಕೊನೆಯ ಏಳು ತಿಂಗಳು ಹಾಸಿಗೆ ಹಿಡಿದಿದ್ದರು. "ಅಪ್ಪನ್ನ ನೋಡ್ಕೊಂಡಿದ್ದು ಮಗ, ಅದಕ್ಕೆ ಆಸ್ತಿ ಮಗನಿಗೆ" ಅಂತ ಊರು ಹೇಳಿತು. ನೋಡಿಕೊಂಡಿದ್ದು ಅಣ್ಣನಲ್ಲ. ಗಂಜಿ ತಿನ್ನಿಸಿದ್ದು, ಬಟ್ಟೆ ಬದಲಾಯಿಸಿದ್ದು, ರಾತ್ರಿ ಮೂರು ಸಲ ಎದ್ದಿದ್ದು ಅತ್ತಿಗೆ. ಅಣ್ಣ ಕೊಬ್ಬರಿ ಲೋಡು ತಿಪಟೂರಿಗೆ ಕಳಿಸುವುದು, ಸೊಸೈಟಿ, ಬ್ಯಾಂಕು ಅಂತ ಹೊರಗಿನದು ನೋಡುತ್ತಾನೆ. ರಾಗಿ ಹೊಲದ ಕೆಲಸ ಪೂರ್ತಿ ಅತ್ತಿಗೆಯದೇ. ಯಾವ ಮೂಲೆಯಲ್ಲಿ ಗರಿಕೆ ಜಾಸ್ತಿ, ಯಾವ ಬದುವಿನಲ್ಲಿ ಹಾವಿನ ಹುತ್ತ ಇದೆ ಅಂತ ಅವರಿಗೇ ಗೊತ್ತು. ನಾವು ಮೂವರು ಹೆಂಗಸರು ಬರೆದುಕೊಟ್ಟ ಪಾಲು ಹೋಗಿದ್ದು ಅವರಿಗಲ್ಲ.

ಒಂದು ಸಂಜೆ ಹಿತ್ತಲಲ್ಲಿ ಅವರೇಕಾಯಿ ಬಿಡಿಸುತ್ತಾ ನಾನು ಸುಮ್ನೆ ಕೇಳಿದೆ, "ನಿಮ್ಮ ತವರಲ್ಲಿ ಏನಾಯ್ತು ಅತ್ತಿಗೆ?" ಅವರದು ಅರಸೀಕೆರೆ ಕಡೆ. "ಏನಾಗತ್ತೆ, ನಾನೂ ಹಾಕಿ ಬಂದೆ. ನಮ್ಮ ಹುಡುಗಿ ಒಂದನೇ ಕ್ಲಾಸಲ್ಲಿದ್ಲು ಆಗ. ಹದಿನೈದು ಸಾವಿರ ಕೊಟ್ರು, ಒಂದು ಸೀರೆ. ಆ ದುಡ್ಡಲ್ಲಿ ನಿಮ್ಮಣ್ಣ ಮೋಟ್ರು ರಿಪೇರಿ ಮಾಡಿಸಿದ್ರು." ಅಂದರೆ ಅವರ ತವರಿನ ಅರಿಶಿನ ಕುಂಕುಮವೂ ನಮ್ಮ ತೋಟದ ಬೋರ್‌ವೆಲ್ಲಿಗೇ ಬಂದು ಬಿದ್ದಿದೆ. ಅಲ್ಲಿ ಹಾಕಿ ಬಂದರು, ಇಲ್ಲಿ ಹೆಸರು ಹತ್ತಲಿಲ್ಲ.

ಬದಲಾಗಿಲ್ಲ ಅಂತ ಅಲ್ಲ. ಅಮ್ಮನನ್ನೇ ನೋಡಿ. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತ ಆದ ಮೇಲೆ ಧರ್ಮಸ್ಥಳ, ಹೊರನಾಡು, ಎರಡು ಸಲ ನಮ್ಮ ಮನೆ. ಮೊದಲು ಅಪ್ಪನ ಹತ್ತಿರ, ಆಮೇಲೆ ಮಗನ ಹತ್ತಿರ ಬಸ್ ಚಾರ್ಜಿಗೆ ಕೈ ಚಾಚುತ್ತಿದ್ದವಳು ಈಗ ಹೊರಟ ಮೇಲೆ ಫೋನ್ ಮಾಡಿ ಹೇಳುತ್ತಾಳೆ. ಗೃಹಲಕ್ಷ್ಮಿಯ 2,000 ಅವಳ ಖಾತೆಗೇ ಬರುತ್ತದೆ, ಅದರಲ್ಲಿ ಮೊಮ್ಮಗಳಿಗೆ ಕಾಲೇಜಿನ ಬ್ಯಾಗ್ ಕೊಡಿಸಿದಳು. ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ ಅಂತ 2013ರ ಆಹಾರ ಭದ್ರತಾ ಕಾಯ್ದೆ ಮಾಡಿಟ್ಟಿದೆ. ಆ ಕಾರ್ಡು ಇದ್ದದ್ದರಿಂದಲೇ ದುಡ್ಡು ಸೀದಾ ಅವಳ ಕೈಗೆ ಬಂತು. ಕಾಗದದಲ್ಲಿ ಹೆಸರಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಬೇರೆ ಪಾಠ ಬೇಕಾಗಲಿಲ್ಲ. ಅಕ್ಕಿಯ ಕಾರ್ಡಿನಲ್ಲಿ ಹೆಂಗಸು ಯಜಮಾನಿ, ಅಕ್ಕಿ ಬೆಳೆಯುವ ನೆಲದ ಕಾಗದದಲ್ಲಿ ಅವಳಿಲ್ಲ.

ಹೋದ ಮುಂಗಾರಿನಲ್ಲಿ ಅತ್ತಿಗೆ ಬಿತ್ತನೆ ರಾಗಿ ತರಲು ಹೋಗಿದ್ದರು. ಅಣ್ಣನಿಗೆ ಜ್ವರ. ಸಾಲಿನಲ್ಲಿ ಒಂದು ಗಂಟೆ ನಿಂತ ಮೇಲೆ "ಪಹಣಿ ಯಾರ ಹೆಸರಲ್ಲಿದೆಯಮ್ಮ? ರೈತರನ್ನೇ ಕಳಿಸಿ" ಅಂದರಂತೆ. ವಾಪಸ್ ಬಂದರು. ಇದನ್ನು ಅವರು ದೂರು ಹೇಳುವ ಹಾಗೆ ಹೇಳಲಿಲ್ಲ, ನಗುತ್ತಾ ಹೇಳಿದರು. "ರೈತರನ್ನ ಎಬ್ಬಿಸಿ ಕಷಾಯ ಕುಡಿಸಿ ಮಾರನೇ ದಿನ ಕಳಿಸ್ದೆ." ಕಿಸಾನ್ ಸಮ್ಮಾನ್ 6,000 ಕೂಡ ವರ್ಷಕ್ಕೆ ಮೂರು ಕಂತಿನಲ್ಲಿ ಆ ಜ್ವರದ ರೈತರ ಖಾತೆಗೇ ಹೋಗುತ್ತದೆ.

ನಾನು ಬಾಯಿ ತೆರೆದಿದ್ದು ಈ ಗೌರಿಹಬ್ಬಕ್ಕೆ. ನನ್ನ ಪಾಲು ವಾಪಸ್ ಕೇಳುವುದಿಲ್ಲ, ಹಾಕಿದ್ದು ಹಾಕಿದ ಹಾಗೆ. ಆದರೆ ರಾಗಿ ಹೊಲ ಅತ್ತಿಗೆ ಹೆಸರಿಗೆ ಮಾಡು ಅಂತ ಅಣ್ಣನಿಗೆ ಹೇಳಿದೆ. ದಾನಪತ್ರ ಮಾಡಿದರೆ ಆಯಿತು, ಮನೆಯವರೊಳಗೇ ಆದ್ದರಿಂದ ಖರ್ಚೂ ಜಾಸ್ತಿ ಇಲ್ಲ. ಅಣ್ಣ ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಿದ್ದವನು ಚಮಚ ಕೆಳಗಿಟ್ಟ. "ಯಾಕೆ, ಅವಳಿಗೆ ನನ್ ಮೇಲೆ ನಂಬಿಕೆ ಇಲ್ವಂತಾ?" ನಾನು, "ಅವರು ಏನೂ ಹೇಳಿಲ್ಲ ಕಣೋ, ನಾನೇ ಹೇಳ್ತಿರೋದು" ಅಂದೆ. "ನಂಬಿಕೆ ಇದ್ದಿದ್ದಕ್ಕೇ ತಾನೇ ನಾವು ಮೂವರೂ ಹಾಕಿಕೊಟ್ಟಿದ್ದು? ನೀನೂ ಒಂದು ಸಲ ಹಾಕು." ಅವನು ಉತ್ತರ ಕೊಡಲಿಲ್ಲ. ಹೋಳಿಗೆ ಅರ್ಧಕ್ಕೆ ಬಿಟ್ಟು ಕೈ ತೊಳೆದ. ಅಮ್ಮ ನನ್ನನ್ನೇ ದುರುಗುಟ್ಟಿ ನೋಡಿದಳು. ಆ ಸಲ ಬಾಗಿನ ಕೊಟ್ಟ, ಬಸ್ ಸ್ಟ್ಯಾಂಡಿಗೆ ಬಿಡಲು ಬರಲಿಲ್ಲ.

ಎರಡು ದಿನ ಆದ ಮೇಲೆ ಅತ್ತಿಗೆ ಫೋನ್ ಮಾಡಿ ನನ್ನನ್ನೇ ಬೈದರು. "ನಿನಗ್ಯಾಕೆ ಬೇಕಿತ್ತು ಹಬ್ಬದ ದಿನ ಆ ಮಾತು? ಇವರು ನನ್ ಹತ್ರಾನೂ ಸರಿಯಾಗಿ ಮಾತಾಡ್ತಿಲ್ಲ. ನಾನೇ ಹೇಳಿಕೊಟ್ಟೆ ಅಂದ್ಕೊಂಡಿದಾರೆ." ನಾನು ತಪ್ಪಾಯ್ತು ಅಂದೆ. ಮನಸ್ಸಿಗೆ ತುಂಬ ಕಸಿವಿಸಿ ಆಯಿತು. ನನ್ನ ಪಾಲಿಗೆ ಬಾಯಿ ಬಿಡದವಳು ಇನ್ನೊಬ್ಬರ ಸಂಸಾರದಲ್ಲಿ ಕೈ ಹಾಕಿದೆನಾ ಅಂತ.

ಇಪ್ಪತ್ತು ದಿನ ಕಳೆದಿರಬೇಕು. ಮಧ್ಯಾಹ್ನ ಮೀಟಿಂಗಿನಲ್ಲಿದ್ದಾಗ ಅವರ ಫೋನ್ ಬಂತು. ಸಾಮಾನ್ಯವಾಗಿ ಆ ಹೊತ್ತಿಗೆ ಮಾಡುವವರಲ್ಲ, ಏನೋ ಆಗಿದೆ ಅಂತ ಎದ್ದು ಹೊರಗೆ ಬಂದೆ. ಹಿಂದೆ ಗಾಳಿ ಸದ್ದು. ಹೊಲದಲ್ಲಿದ್ದರು.

"ಊಟ ಆಯ್ತಾ?"

"ಆಯ್ತು ಅತ್ತಿಗೆ. ಏನು ಈ ಹೊತ್ತಲ್ಲಿ?"

"ಏನಿಲ್ಲ. ರಾಗಿ ತೆನೆ ಚೆನ್ನಾಗಿ ಬಂದಿದೆ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವತ್ತು ಹೇಳ್ದಲ್ಲ, ಅದಕ್ಕೆ ಏನೇನು ಕಾಗದ ಬೇಕಾಗತ್ತೆ?"

ಆಧಾರ್, ಪಹಣಿ, ಇಬ್ಬರದೂ ಫೋಟೋ ಅಂದೆ. ಪೂರ್ತಿ ಅಲ್ಲದೆ ಅರ್ಧ ಮಾಡಿಸುವುದಾದರೆ ಆ ಭಾಗ ಅಳೆದು ತೋರಿಸುವ ಹನ್ನೊಂದು ಇ ನಕ್ಷೆ ಬೇಕು, ಅದಕ್ಕೆ ಸರ್ವೆಯವರು ಬರಬೇಕು ಅಂದೆ.

"ತಡಿ ತಡಿ, ಮೆಲ್ಲಗೆ ಹೇಳು. ಪೆನ್ನಿಲ್ಲ ಇಲ್ಲಿ, ಹುಡುಗೀಗೆ ಫೋನ್ ಕೊಡ್ತೀನಿ, ಅವಳು ಬರ್ಕೊಳ್ತಾಳೆ."